ಫ್ಯಾಕ್ಟರ್ ಉತ್ತರ ಕೊಡದಿದ್ದಾಗ: ದೋಷ ನಿವಾರಣೆಯ ಕೈಪಿಡಿ

ಫ್ಯಾಕ್ಟರ್ ಒಂದು ಪುಟ್ಟ ತಂತ್ರಾಂಶ. ತಾನಿರುವ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಯಾವುದು, ಮೆಮೊರಿ ಎಷ್ಟು, ಪ್ರೊಸೆಸರುಗಳು ಎಷ್ಟು, ಐಪಿ ವಿಳಾಸ ಯಾವುದು, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಿದೆ ಎಂಬುದನ್ನೆಲ್ಲ ಕಲೆಹಾಕಿ, ಇನ್ನೊಂದು ತಂತ್ರಾಂಶ ನೇರವಾಗಿ ಓದಿಕೊಳ್ಳಬಲ್ಲ ರೂಪದಲ್ಲಿ, ಅಂದರೆ ಜೇಸನ್ ಅಥವಾ ಯಾಮಲ್ ಆಗಿ, ಮುಂದಿಡುವುದಷ್ಟೇ ಅದರ ಕೆಲಸ. ಹೀಗೆ ಅದು ಕೊಡುವ ಪ್ರತಿಯೊಂದು ಮಾಹಿತಿಗೂ ಫ್ಯಾಕ್ಟ್ ಎಂದು ಹೆಸರು. ಪಪೆಟ್ ಎಂಬುದು ಹಲವು ಯಂತ್ರಗಳನ್ನು ಒಂದೇ ಕಡೆಯಿಂದ ಹೊಂದಿಸುವ ತಂತ್ರಾಂಶ; ಪ್ರತಿ ಯಂತ್ರದಲ್ಲೂ ಅದರ ಏಜೆಂಟ್ ಇರುತ್ತದೆ. ಯಂತ್ರವೊಂದಕ್ಕೆ ಯಾವ ಸಂರಚನೆ ಸಲ್ಲಬೇಕೆಂದು ಪಪೆಟ್ ಸರ್ವರ್ ತೀರ್ಮಾನಿಸುವಾಗ ಆ ಯಂತ್ರದಿಂದ ಬಂದ ಈ ಫ್ಯಾಕ್ಟ್‌ಗಳನ್ನೇ ನೆಚ್ಚಿಕೊಳ್ಳುತ್ತದೆ. ಆದ್ದರಿಂದ ಫ್ಯಾಕ್ಟರ್‌ನಲ್ಲಿ ಆದ ಸಣ್ಣ ತಪ್ಪು ಫ್ಯಾಕ್ಟರ್‌ನಲ್ಲೇ ಕಾಣಿಸಿಕೊಳ್ಳುವುದು ಅಪರೂಪ. ಅದು ಎರಡು ಹೆಜ್ಜೆ ಆಚೆ, ಬೇರೆ ಕೊಠಡಿಯ ಪ್ರಿಂಟರ್ ಜೋಡಣೆಯಾಗಿಯೋ, ಬರಬೇಕಾದ ಪ್ಯಾಕೇಜ್ ಬಾರದೆ ಉಳಿದದ್ದಾಗಿಯೋ ಕಾಣಿಸುತ್ತದೆ, ಮತ್ತು ನಾವು ಅಲ್ಲಿಯೇ ಹುಡುಕುತ್ತ ಅರ್ಧ ದಿನ ಕಳೆಯುತ್ತೇವೆ.

ಕಾಲೇಜೊಂದರ ಪ್ರಯೋಗಾಲಯದ ಯಂತ್ರಗಳನ್ನು ನೋಡಿಕೊಳ್ಳುತ್ತ ನಾನು ಕಂಡುಕೊಂಡದ್ದು ಇಷ್ಟು: ಫ್ಯಾಕ್ಟರ್ ಸುಳ್ಳು ಹೇಳುವುದು ತೀರಾ ಕಡಿಮೆ. ಯಾರು ಕೇಳಿದರು, ಎಲ್ಲಿ ನಿಂತು ಕೇಳಿದರು, ಯಾವ ಪರಿಸರದಲ್ಲಿ ಕೇಳಿದರು ಎಂಬುದಕ್ಕೆ ತಕ್ಕಂತೆ ಅದು ಉತ್ತರ ಕೊಡುತ್ತದೆ. ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರನಿಗೆ ಒಂದು ಉತ್ತರ, ಸಾಮಾನ್ಯ ಬಳಕೆದಾರನಿಗೆ ಇನ್ನೊಂದು, ನಿಗದಿತ ಹೊತ್ತಿಗೆ ಆದೇಶಗಳನ್ನು ಓಡಿಸುವ ಕ್ರಾನ್ ಮೂಲಕ ಓಡಿದಾಗ ಮತ್ತೊಂದು ಉತ್ತರ ಬಂದರೆ ಮೂರೂ ಆಯಾ ಸ್ಥಿತಿಗೆ ಸರಿಯೇ ಆಗಿರಬಹುದು. ಈ ಕೈಪಿಡಿಯ ಕ್ರಮವೂ ಅದೇ ಅನುಭವವನ್ನು ಅನುಸರಿಸಿದೆ: ಮೊದಲು ಕೇಳಿದ ಸ್ಥಿತಿಯನ್ನು ಖಚಿತಪಡಿಸಿಕೊಳ್ಳುವುದು, ಆಮೇಲಷ್ಟೇ ಉತ್ತರವನ್ನು ಪರೀಕ್ಷಿಸುವುದು. ಆದೇಶಗಳನ್ನೂ ಕಡತದ ಹಾದಿಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಉದಾಹರಣೆಗಳು ಲಿನಕ್ಸ್‌ಗೆ ಸೇರಿದವು. ವಿಂಡೋಸ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅದನ್ನು ಹೇಳಿದ್ದೇನೆ.

ಯಾವ ಫ್ಯಾಕ್ಟರ್, ಯಾರು ಓಡಿಸಿದ್ದು

ಒಂದೇ ಯಂತ್ರದಲ್ಲಿ ಎರಡು ಫ್ಯಾಕ್ಟರ್ ಇರುವುದು ಅಪರೂಪವೇನಲ್ಲ. ಪಪೆಟ್ ಏಜೆಂಟ್ ಪ್ಯಾಕೇಜಿನೊಂದಿಗೆ ಬಂದದ್ದು /ಆಪ್ಟ್/ಪಪೆಟ್‌ಲ್ಯಾಬ್ಸ್/ಬಿನ್ ಎಂಬಲ್ಲಿ ಇರುತ್ತದೆ. ಲಿನಕ್ಸ್ ವಿತರಣೆಯ ಸ್ವಂತ ಪ್ಯಾಕೇಜಿನಿಂದ ಬಂದದ್ದು /ಯುಎಸ್‌ಆರ್/ಬಿನ್ ಎಂಬಲ್ಲಿ ಇರುತ್ತದೆ. ಯಾರೋ ಹಿಂದೊಮ್ಮೆ ರೂಬಿ ಜೆಮ್ ಆಗಿ ಸ್ಥಾಪಿಸಿದ್ದು ಮೂರನೆಯ ಕಡೆ ಉಳಿದಿರಬಹುದು. 'ಟೈಪ್ -ಎ ಫ್ಯಾಕ್ಟರ್' ಎಂದು ಕೇಳಿದರೆ ಶೆಲ್ ತನ್ನ ಪಾತ್‌ನಲ್ಲಿ, ಅಂದರೆ ಆದೇಶಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿ, ಕಂಡ ಎಲ್ಲವನ್ನೂ ಸಾಲಾಗಿ ತೋರಿಸುತ್ತದೆ. ಪ್ರತಿಯೊಂದನ್ನೂ ಪೂರ್ಣ ಹಾದಿ ಕೊಟ್ಟು ಓಡಿಸಿ, '--ವರ್ಷನ್' ಆಯ್ಕೆಯಿಂದ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ.

ಆವೃತ್ತಿ ಇಲ್ಲಿ ಬರಿಯ ವಿವರವಲ್ಲ. ಮೊದಲ ಪೀಳಿಗೆಯ ಫ್ಯಾಕ್ಟರ್ ಎಲ್ಲ ಮೌಲ್ಯಗಳನ್ನೂ ಬರಿಯ ಪಠ್ಯವಾಗಿ ಕೊಡುತ್ತಿತ್ತು. ಅಲ್ಲಿ ಸುಳ್ಳು ಎಂಬ ಬೂಲಿಯನ್ (ನಿಜ-ಸುಳ್ಳು ಮೌಲ್ಯ) ಕೂಡ ಒಂದು ಪದವಷ್ಟೇ ಆಗಿತ್ತು. 2014ರಲ್ಲಿ ಬಂದ 2ನೆಯ ಆವೃತ್ತಿ ಒಂದರೊಳಗೊಂದು ಅಡಗುವ ರಚನಾಬದ್ಧ ಫ್ಯಾಕ್ಟ್‌ಗಳನ್ನು ತಂದಿತು. 2015ರ 3ನೆಯ ಆವೃತ್ತಿಯನ್ನು ಸಿ++ ಭಾಷೆಯಲ್ಲಿ ಹೊಸದಾಗಿ ಬರೆದರು. 2020ರ ಕೊನೆಯಲ್ಲಿ ಪಪೆಟ್ 7ರೊಂದಿಗೆ ಬಂದ 4ನೆಯ ಆವೃತ್ತಿ ಮತ್ತೆ ರೂಬಿಗೆ ಮರಳಿತು. ಹಳೆಯ ಕಾಲದ ಸಲಹೆಯೊಂದನ್ನು ನಂಬಿ ಹೊಸ ಆವೃತ್ತಿಯನ್ನು ರಿಪೇರಿ ಮಾಡಹೊರಟರೆ ಕೆಲಸ ಕೆಡುತ್ತದೆ. ನಾನು ಮುಂದೆ ಹೇಳುವುದೆಲ್ಲ 4ನೆಯ ಆವೃತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವ ಮಾತು.

ರೂಟ್ ಅಧಿಕಾರದಲ್ಲಿ ಆದೇಶ ಓಡಿಸಲು ಸುಡೋ ಬಳಸುವವರು ಒಂದು ವಿಷಯವನ್ನು ನೆನಪಿಡಬೇಕು. ಸುಡೋ ನಿಮ್ಮ ಪಾತ್ ಬದಲಿಗೆ ತನ್ನದೇ ಸುರಕ್ಷಿತ ಪಾತ್ ಅನ್ನು ಹಿಡಿಯುವಂತೆ ಬಹುತೇಕ ವಿತರಣೆಗಳು ಹೊಂದಿಸಿರುತ್ತವೆ, ಮತ್ತು ಆ ಪಟ್ಟಿಯಲ್ಲಿ ಪಪೆಟ್‌ಲ್ಯಾಬ್ಸ್‌ನ ಡೈರೆಕ್ಟರಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಸುಡೋ ಇಲ್ಲದೆ ಓಡಿದ ಆದೇಶ ಸುಡೋ ಜೊತೆಗೆ 'ಸಿಗಲಿಲ್ಲ' ಎನ್ನಬಹುದು, ಇಲ್ಲವೇ ಸದ್ದಿಲ್ಲದೆ ಬೇರೆ ಆವೃತ್ತಿಯ ಫ್ಯಾಕ್ಟರ್ ಓಡಬಹುದು. ಎರಡನೆಯದು ಹೆಚ್ಚು ಅಪಾಯಕಾರಿ. ಪರೀಕ್ಷೆ ಮುಗಿಯುವವರೆಗೆ ಪೂರ್ಣ ಹಾದಿಯನ್ನೇ ಟೈಪ್ ಮಾಡುವ ಶಿಸ್ತು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ರೂಟ್ ಮತ್ತು ಸಾಮಾನ್ಯ ಬಳಕೆದಾರರ ವ್ಯತ್ಯಾಸ. ಯಂತ್ರದ ಸೀರಿಯಲ್ ನಂಬರ್ ಇರುವ ಕಡತವನ್ನು ಲಿನಕ್ಸ್ ಕರ್ನಲ್ ರೂಟ್‌ಗೆ ಮಾತ್ರ ಓದಗೊಡುತ್ತದೆ. ಆದ್ದರಿಂದ ಸಾಮಾನ್ಯ ಬಳಕೆದಾರ 'ಡಿಎಂಐ' ಫ್ಯಾಕ್ಟ್ ಕೇಳಿದಾಗ ತಯಾರಕರ ಹೆಸರು, ಮಾದರಿಯ ಹೆಸರು ಬರುತ್ತವೆ. ಸೀರಿಯಲ್ ನಂಬರ್ ಮಾತ್ರ ಇರುವುದಿಲ್ಲ. ಯಾವ ದೂರೂ ಇಲ್ಲದೆ ಆ ಸಾಲೇ ಮಾಯವಾಗಿರುತ್ತದೆ. ಹಾಗೆಯೇ, ನಾವೇ ಬರೆದು ಇಡುವ ಎಕ್ಸ್‌ಟರ್ನಲ್ ಫ್ಯಾಕ್ಟ್‌ಗಳನ್ನು ರೂಟ್ ಓಡಿಸಿದಾಗ /ಇಟಿಸಿ/ಪಪೆಟ್‌ಲ್ಯಾಬ್ಸ್/ಫ್ಯಾಕ್ಟರ್/ಫ್ಯಾಕ್ಟ್ಸ್.ಡಿ ಮುಂತಾದ ಸಾರ್ವಜನಿಕ ಡೈರೆಕ್ಟರಿಗಳಲ್ಲಿ ಹುಡುಕುವ ಫ್ಯಾಕ್ಟರ್, ಸಾಮಾನ್ಯ ಬಳಕೆದಾರ ಓಡಿಸಿದಾಗ ಆತನ ಹೋಮ್ ಡೈರೆಕ್ಟರಿಯೊಳಗಿನ ಜಾಗಗಳಲ್ಲಿ ಹುಡುಕುತ್ತದೆ. 'ನಾನು ಕಡತ ಇಟ್ಟಿದ್ದೇನೆ, ಫ್ಯಾಕ್ಟ್ ಬರುತ್ತಿಲ್ಲ' ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಎರಡು ಜೇಸನ್ ಎದುರುಬದುರು

ರಚನಾಬದ್ಧ ದತ್ತಾಂಶದ ದೊಡ್ಡ ಉಪಕಾರವೆಂದರೆ ಅದನ್ನು ಹೋಲಿಸಬಹುದು. ಕಣ್ಣಿನಿಂದ ನೂರಾರು ಸಾಲು ಓದುವ ಬದಲು ಎರಡು ಸ್ಥಿತಿಗಳ ಉತ್ತರವನ್ನು ಕಡತಗಳಾಗಿ ಉಳಿಸಿ, ವ್ಯತ್ಯಾಸವನ್ನು ಯಂತ್ರದಿಂದಲೇ ತೆಗೆಸಬೇಕು. 'ಫ್ಯಾಕ್ಟರ್ --ಜೇಸನ್' ಎಂದು ಓಡಿಸಿ ಬಂದದ್ದನ್ನು ಸರಿ ಇರುವ ಯಂತ್ರದಿಂದ ಒಂದು ಕಡತಕ್ಕೂ ಕೆಟ್ಟ ಯಂತ್ರದಿಂದ ಇನ್ನೊಂದಕ್ಕೂ ಹಾಕಿ, 'ಜೆಕ್ಯೂ' ಉಪಕರಣದಿಂದ ಕೀಲಿಗಳನ್ನು ಅಕಾರಾದಿಯಾಗಿ ಜೋಡಿಸಿ, 'ಡಿಫ್' ಮಾಡಿ. ಯಂತ್ರ ಎದ್ದು ಎಷ್ಟು ಹೊತ್ತಾಯಿತು, ಈಗ ಉಳಿದ ಮೆಮೊರಿ ಎಷ್ಟು, ಲೋಡ್ ಸರಾಸರಿ ಎಷ್ಟು ಎಂಬ ಫ್ಯಾಕ್ಟ್‌ಗಳು ಪ್ರತಿ ಸಲವೂ ಬದಲಾಗುವುದರಿಂದ ಅವನ್ನು ಜೆಕ್ಯೂನಲ್ಲೇ ಅಳಿಸಿ ಮುಂದುವರಿದರೆ ನಿಜವಾದ ವ್ಯತ್ಯಾಸ ಎದ್ದು ಕಾಣುತ್ತದೆ.

ಇದಕ್ಕಿಂತಲೂ ಹೆಚ್ಚು ಫಲ ಕೊಟ್ಟ ಹೋಲಿಕೆ ಒಂದೇ ಯಂತ್ರದ ಎರಡು ಸ್ಥಿತಿಗಳದ್ದು. ನೀವು ಲಾಗಿನ್ ಆಗಿ ಕೈಯಿಂದ ಓಡಿಸಿದ ಉತ್ತರ ಒಂದು. ದೋಷ ಕಾಣಿಸಿಕೊಂಡ ಕಡೆಯಿಂದಲೇ, ಅಂದರೆ ಕ್ರಾನ್‌ನಿಂದ ಅಥವಾ ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಂ-ಡಿಯ ಸೇವೆಯಿಂದ, ಓಡಿಸಿ ಕಡತಕ್ಕೆ ಬರೆಸಿದ ಉತ್ತರ ಇನ್ನೊಂದು. ಕ್ರಾನ್‌ಗೆ ಲಾಗಿನ್ ಶೆಲ್‌ನ ಪಾತ್ ಸಿಗುವುದಿಲ್ಲ. ಬಹುತೇಕ ಕಡೆ ಅದಕ್ಕೆ ಎರಡೇ ಡೈರೆಕ್ಟರಿ ಗೊತ್ತು. ಹಾಗಾಗಿ ನೀವು ಬರೆದ ಸ್ಕ್ರಿಪ್ಟ್ ಎಸ್‌ಬಿನ್ ಡೈರೆಕ್ಟರಿಯಲ್ಲಿರುವ ಉಪಕರಣವನ್ನು ಬರಿಯ ಹೆಸರಿನಿಂದ ಕರೆದಿದ್ದರೆ ಟರ್ಮಿನಲ್‌ನಲ್ಲಿ ಕೆಲಸ ಮಾಡುತ್ತದೆ, ರಾತ್ರಿ ಕ್ರಾನ್‌ನಲ್ಲಿ ಖಾಲಿ ಮೌಲ್ಯ ಕೊಡುತ್ತದೆ. ಅದೇ ಕ್ರಾನ್ ಸಾಲಿನಲ್ಲಿ ಪರಿಸರ ಚರಗಳನ್ನು ಪಟ್ಟಿಮಾಡುವ 'ಎನ್ವ್' ಆದೇಶದ ಫಲಿತಾಂಶವನ್ನೂ ಉಳಿಸಿಟ್ಟರೆ ಎರಡು ಪರಿಸರಗಳ ಡಿಫ್ ಕೂಡ ಕೈಗೆ ಸಿಗುತ್ತದೆ. ನನ್ನ ಅನುಭವದಲ್ಲಿ ಈ ಎರಡು ಡಿಫ್‌ಗಳನ್ನು ನೋಡಿದ ಮೇಲೂ ನಿಗೂಢವಾಗಿ ಉಳಿದ ದೋಷಗಳು ಕೆಲವೇ.

ಫ್ಯಾಕ್ಟ್ ಕಾಣುವುದೇ ಇಲ್ಲ

ಇಲ್ಲದ ಫ್ಯಾಕ್ಟ್ ಒಂದನ್ನು ಹೆಸರು ಹಿಡಿದು ಕೇಳಿದರೆ ಫ್ಯಾಕ್ಟರ್ ಒಂದು ಖಾಲಿ ಸಾಲನ್ನು ಮುದ್ರಿಸಿ, ಎಲ್ಲವೂ ಸರಿಯಾಗಿದೆ ಎಂಬಂತೆ ಸೊನ್ನೆ ನಿರ್ಗಮನ ಸಂಕೇತದೊಂದಿಗೆ ಮುಗಿಯುತ್ತದೆ. ಇದನ್ನು ನಂಬಿದ ಶೆಲ್ ಸ್ಕ್ರಿಪ್ಟ್ ಖಾಲಿ ಪದವನ್ನೇ ಮೌಲ್ಯವೆಂದು ಭಾವಿಸಿ ಮುಂದೆ ಹೋಗುತ್ತದೆ. ತಪ್ಪು ಮೌಲ್ಯಕ್ಕಿಂತ ಈ ಮೌನ ಹೆಚ್ಚು ಹಾನಿ ಮಾಡುತ್ತದೆಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ತಪ್ಪು ಮೌಲ್ಯವನ್ನು ಯಾರಾದರೂ ಒಮ್ಮೆ ಗಮನಿಸುತ್ತಾರೆ, ಖಾಲಿ ಜಾಗವನ್ನು ಯಾರೂ ಗಮನಿಸುವುದಿಲ್ಲ. ಫ್ಯಾಕ್ಟರನ್ನು ಸ್ಕ್ರಿಪ್ಟಿನೊಳಗೆ ಕರೆಯುವವರು '--ಸ್ಟ್ರಿಕ್ಟ್' ಆಯ್ಕೆಯನ್ನು ತಪ್ಪದೆ ಕೊಡಬೇಕು. ಆಗ ಇಲ್ಲದ ಫ್ಯಾಕ್ಟ್‌ಗೆ ದೋಷ ಸಂದೇಶವೂ 1 ಎಂಬ ನಿರ್ಗಮನ ಸಂಕೇತವೂ ಬರುತ್ತವೆ.

ಫ್ಯಾಕ್ಟ್ ಇಲ್ಲವಾಗಲು ಕಾರಣಗಳು ಹಲವು. ಅದು ಪಪೆಟ್ ಸರ್ವರ್‌ನಿಂದ ಏಜೆಂಟ್‌ಗೆ ಇಳಿದು ಬರುವ, ರೂಬಿಯಲ್ಲಿ ಬರೆದ ಕಸ್ಟಮ್ ಫ್ಯಾಕ್ಟ್ ಆಗಿದ್ದರೆ ಬರಿಯ 'ಫ್ಯಾಕ್ಟರ್' ಆದೇಶಕ್ಕೆ ಅದು ಸಿಗುವುದಿಲ್ಲ. ಅದಕ್ಕೆ '--ಪಪೆಟ್' ಆಯ್ಕೆ ಕೊಡಬೇಕು ಅಥವಾ 'ಪಪೆಟ್ ಫ್ಯಾಕ್ಟ್ಸ್ ಶೋ' ಎಂದು ಕೇಳಬೇಕು. ಅದು ಹಳೆಯ ಶೈಲಿಯ ಲೆಗಸಿ ಫ್ಯಾಕ್ಟ್ ಆಗಿದ್ದರೆ ವಿಚಿತ್ರವೊಂದು ಕಾಣುತ್ತದೆ: ಹೆಸರು ಹಿಡಿದು ಕೇಳಿದರೆ ಉತ್ತರ ಬರುತ್ತದೆ, ಇಡೀ ಜೇಸನ್‌ನಲ್ಲಿ ಮಾತ್ರ ಆ ಹೆಸರು ಇರುವುದಿಲ್ಲ. 'ಓಎಸ್‌ಫ್ಯಾಮಿಲಿ' ಎಂಬುದು ಇಂಥದ್ದು. ಇಂದಿನ ರೂಪದಲ್ಲಿ ಅದು 'ಓಎಸ್' ಎಂಬ ರಚನೆಯೊಳಗಿನ 'ಫ್ಯಾಮಿಲಿ'. 2023ರಲ್ಲಿ ಬಂದ ಪಪೆಟ್ 8 ಈ ಲೆಗಸಿ ಹೆಸರುಗಳನ್ನು ಪೂರ್ವನಿಯೋಜಿತವಾಗಿ ಸರ್ವರ್‌ಗೆ ಕಳಿಸುವುದನ್ನೇ ನಿಲ್ಲಿಸಿದ್ದರಿಂದ, ಅಲ್ಲಿಯವರೆಗೆ ಸರಿಯಾಗಿ ನಡೆಯುತ್ತಿದ್ದ ಹಳೆಯ ಮ್ಯಾನಿಫೆಸ್ಟ್‌ಗಳು (ಪಪೆಟ್‌ಗಾಗಿ ಸಂರಚನೆ ಬರೆದ ಕಡತಗಳು) ಮೇಲ್ದರ್ಜೆಗೇರಿಸಿದ ದಿನವೇ ಕೆಡಬಹುದು. '--ಶೋ-ಲೆಗಸಿ' ಆಯ್ಕೆಯಿಂದ ಇದನ್ನು ಒಂದು ನಿಮಿಷದಲ್ಲಿ ಖಚಿತಪಡಿಸಿಕೊಳ್ಳಬಹುದು. ಆದರೆ ಲೆಗಸಿ ಹೆಸರುಗಳನ್ನು ಮತ್ತೆ ತೆರೆದಿಡುವುದು ಪರಿಹಾರವಲ್ಲ, ಮುಂದೂಡಿಕೆ ಮಾತ್ರ, ಮ್ಯಾನಿಫೆಸ್ಟನ್ನೇ ತಿದ್ದಬೇಕು.

ಯಾರಾದರೂ ಹಿಂದೆ ಫ್ಯಾಕ್ಟರ್‌ನ ಹೊಂದಾಣಿಕೆಗಳಿರುವ ಫ್ಯಾಕ್ಟರ್.ಕಾನ್ಫ್ ಕಡತದ ಬ್ಲಾಕ್‌ಲಿಸ್ಟ್‌ನಲ್ಲಿ, ಅಂದರೆ ತಡೆಹಿಡಿದ ಫ್ಯಾಕ್ಟ್‌ಗಳ ಪಟ್ಟಿಯಲ್ಲಿ, ಒಂದು ಗುಂಪನ್ನು ಹಾಕಿ ಮರೆತಿರಲೂಬಹುದು. '--ನೋ-ಬ್ಲಾಕ್' ಕೊಟ್ಟಾಗ ಫ್ಯಾಕ್ಟ್ ಮರಳಿ ಬಂದರೆ ಕಾರಣ ಅದೇ.

ಎಕ್ಸ್‌ಟರ್ನಲ್ ಫ್ಯಾಕ್ಟ್ ಕಾಣದಿದ್ದರೆ ಮೊದಲು ಕಡತದ ಹೆಸರಿನ ಕೊನೆಯನ್ನು ನೋಡಿ. ಯಾಮಲ್ ಕಡತದ ವಿಸ್ತರಣೆ ಇಂಗ್ಲಿಷಿನ ನಾಲ್ಕೂ ಅಕ್ಷರಗಳದ್ದಾಗಿರಬೇಕು. ಮೂರಕ್ಷರದ ಸಂಕ್ಷಿಪ್ತ ರೂಪವನ್ನು ನೆಚ್ಚಬೇಡಿ. ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಕಡತದ ಹೆಸರಿಗೆ ಟಿಎಕ್ಸ್‌ಟಿ ಎಂದು ತಾನೇ ಅಂಟಿಸಿರುವುದುಂಟು, ಮತ್ತು ವಿಸ್ತರಣೆಗಳನ್ನು ಅಡಗಿಸುವ ಸೌಲಭ್ಯ ಚಾಲೂ ಇದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಕಡತವು ಫ್ಯಾಕ್ಟ್ಸ್.ಡಿ ಡೈರೆಕ್ಟರಿಯಲ್ಲಿ ನೇರವಾಗಿ ಇರಬೇಕು. ಅದರೊಳಗಿನ ಉಪಡೈರೆಕ್ಟರಿಗಳನ್ನು ಫ್ಯಾಕ್ಟರ್ ಹೊಕ್ಕು ನೋಡುವುದಿಲ್ಲ. ಅದು ಓಡಬೇಕಾದ ಸ್ಕ್ರಿಪ್ಟ್ ಆಗಿದ್ದರೆ ಲಿನಕ್ಸ್‌ನಲ್ಲಿ ಎಕ್ಸಿಕ್ಯೂಟ್ ಅನುಮತಿ ಇರಲೇಬೇಕು. ಗಿಟ್ ಅಥವಾ ಜಿಪ್ ಮೂಲಕ ಕಡತ ಸಾಗಿಸುವಾಗ ಈ ಅನುಮತಿ ಕಳೆದುಹೋಗುವುದು ಸಾಮಾನ್ಯ.

ಇವೆಲ್ಲ ಸರಿಯಿದ್ದೂ ಸ್ಕ್ರಿಪ್ಟ್ ಓಡದಿದ್ದರೆ, ಅದರಲ್ಲೂ ಕಣ್ಣೆದುರಿಗೇ ಇರುವ ಕಡತಕ್ಕೆ 'ಅಂಥ ಕಡತ ಇಲ್ಲ' ಎಂಬ ಸಂದೇಶ ಬಂದರೆ, ಸಾಲಿನ ಕೊನೆಗಳನ್ನು ಪರೀಕ್ಷಿಸಿ. ವಿಂಡೋಸ್‌ನಲ್ಲಿ ತಿದ್ದಿದ ಕಡತದ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಚಿಹ್ನೆ ಕೂತಿರುತ್ತದೆ. ಮೊದಲ ಸಾಲಿನಲ್ಲಿ ಶೆಲ್‌ನ ಹಾದಿ ಬರೆದಿರುವಾಗ ಲಿನಕ್ಸ್ ಕರ್ನಲ್ ಆ ಚಿಹ್ನೆಯನ್ನೂ ಹೆಸರಿನ ಭಾಗವೆಂದೇ ತಿಳಿದು, ಆ ಹೆಸರಿನ ಶೆಲ್ ಹುಡುಕಿ, ಸಿಗದೆ ಸೋಲುತ್ತದೆ. ಸಿಗಲಿಲ್ಲವೆಂದು ಅದು ಹೇಳುತ್ತಿರುವುದು ನಿಮ್ಮ ಸ್ಕ್ರಿಪ್ಟಿನ ಬಗ್ಗೆ ಅಲ್ಲ, ಆ ಶೆಲ್‌ನ ಬಗ್ಗೆ. 'ಫೈಲ್' ಆದೇಶ ಇದನ್ನು ನೇರವಾಗಿ ತಿಳಿಸುತ್ತದೆ. 'ಡಾಸ್2ಯುನಿಕ್ಸ್' ಉಪಕರಣ ಇದನ್ನು ಸರಿಪಡಿಸುತ್ತದೆ. ವಿಂಡೋಸ್‌ನ ಬ್ಯಾಚ್ ಕಡತಗಳಲ್ಲಿ ಇದರ ಜೋಡಿ ದೋಷವೊಂದಿದೆ: ಎಕೋ ಮುಚ್ಚುವ ಸಾಲನ್ನು ಮೊದಲಿಗೆ ಬರೆಯದಿದ್ದರೆ ಆದೇಶಗಳ ಪಠ್ಯವೂ ಫಲಿತಾಂಶದೊಳಗೆ ಬೆರೆತು ಫ್ಯಾಕ್ಟರ್‌ಗೆ ಅರ್ಥವಾಗದ ಸಾಲುಗಳು ಹುಟ್ಟುತ್ತವೆ.

ಇಷ್ಟರಲ್ಲಿ ಯಾವುದು ನಿಮ್ಮ ಕಾರಣವೆಂದು ತಿಳಿಯಲು 'ಫ್ಯಾಕ್ಟರ್ --ಡೀಬಗ್' ಬೇಕೇ ಬೇಕು. ಅದು ಕೊಡುವ ಸಾಲುಗಳು ಬಹಳ. ಡೀಬಗ್ ಸಂದೇಶಗಳು ಎರರ್ ಹೊನಲಿಗೆ ಹೋಗುವುದರಿಂದ ಅದನ್ನು ಪ್ರತ್ಯೇಕ ಕಡತಕ್ಕೆ ತಿರುಗಿಸಿ, ನಿಮ್ಮ ಫ್ಯಾಕ್ಟ್‌ನ ಹೆಸರನ್ನೂ ಕಡತದ ಹೆಸರನ್ನೂ ಅದರಲ್ಲಿ ಹುಡುಕಿ.

ಮೌಲ್ಯ ಬಂದಿದೆ, ಆದರೆ ತಪ್ಪು

ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ಯಂತ್ರ ಯಾವ ಕೊಠಡಿಯಲ್ಲಿದೆ ಎಂಬುದನ್ನು ಒಂದು ಯಾಮಲ್ ಕಡತದಲ್ಲಿ ಎಕ್ಸ್‌ಟರ್ನಲ್ ಫ್ಯಾಕ್ಟ್ ಆಗಿ ಬರೆದಿದ್ದೆವು, ಮತ್ತು ಪ್ರಿಂಟರ್ ಜೋಡಣೆ ಆ ಕೊಠಡಿ ಸಂಖ್ಯೆಯನ್ನು ಅನುಸರಿಸುತ್ತಿತ್ತು. ನೆಲಮಹಡಿಯ 012ನೆಯ ಕೊಠಡಿಯ ಯಂತ್ರಗಳಿಗೆ ಪ್ರಿಂಟರ್ ಬರಲಿಲ್ಲ. ಪಕ್ಕದ ಸಾಲಿನ 018ಕ್ಕೆ ಬಂತು. ಕಡತಗಳು ಒಂದೇ ಅಚ್ಚಿನವು, ಅನುಮತಿಗಳು ಒಂದೇ, ಆವೃತ್ತಿ ಒಂದೇ. ಪ್ರಿಂಟರ್ ಸೇವೆಯನ್ನೂ ಜಾಲವನ್ನೂ ಎರಡು ದಿನ ಶೋಧಿಸಿದ ಮೇಲೆ ಎರಡು ಕೊಠಡಿಗಳ ಜೇಸನ್ ಹೋಲಿಸಿದೆ. 018ರ ಯಂತ್ರದಲ್ಲಿ ಉದ್ಧರಣ ಚಿಹ್ನೆಗಳ ನಡುವೆ 018 ಎಂಬ ಪಠ್ಯ ಇತ್ತು. 012ರ ಯಂತ್ರದಲ್ಲಿ ಉದ್ಧರಣ ಚಿಹ್ನೆಯೇ ಇಲ್ಲದೆ 10 ಎಂಬ ಸಂಖ್ಯೆ ಇತ್ತು.

ಕಾರಣ ಯಾಮಲ್‌ನ ಹಳೆಯ ನಿಯಮ. ರೂಬಿಯ ಯಾಮಲ್ ಓದುಗವು ಸೊನ್ನೆಯಿಂದ ಶುರುವಾಗುವ, ಸೊನ್ನೆಯಿಂದ ಏಳರವರೆಗಿನ ಅಂಕಿಗಳಷ್ಟೇ ಇರುವ ಸಂಖ್ಯೆಯನ್ನು ಅಷ್ಟಮಾನ ಪದ್ಧತಿಯದೆಂದು ತಿಳಿಯುತ್ತದೆ. ಅಷ್ಟಮಾನದ 012 ಎಂದರೆ ನಮ್ಮ ಎಣಿಕೆಯ 10. ಎಂಟು ಎಂಬ ಅಂಕಿ ಅಷ್ಟಮಾನದಲ್ಲಿ ಇಲ್ಲವೇ ಇಲ್ಲವಾದ್ದರಿಂದ 018 ಸಂಖ್ಯೆಯಾಗದೆ ಪಠ್ಯವಾಗಿಯೇ ಉಳಿಯಿತು. ಮೌಲ್ಯಕ್ಕೆ ಉದ್ಧರಣ ಚಿಹ್ನೆ ಹಾಕಿದ ಕೂಡಲೇ ದೋಷ ಹೋಯಿತು. ಇಂಥದ್ದೇ ಇನ್ನೊಂದು, ಇಂಗ್ಲಿಷಿನ 'ನೋ' ಮತ್ತು 'ಆನ್' ಪದಗಳು. ಉದ್ಧರಣ ಚಿಹ್ನೆ ಇಲ್ಲದಿದ್ದರೆ ಅವು ಸುಳ್ಳು ಮತ್ತು ನಿಜ ಎಂಬ ಬೂಲಿಯನ್‌ಗಳಾಗುತ್ತವೆ. ಕೊಠಡಿ ಸಂಖ್ಯೆ, ಆಸ್ತಿ ಸಂಖ್ಯೆ, ದಿನಾಂಕ, ಆವೃತ್ತಿ ಸಂಖ್ಯೆ ಇವು ಅಂಕಿಗಳಂತೆ ಕಂಡರೂ ಲೆಕ್ಕಕ್ಕೆ ಸಲ್ಲುವ ಸಂಖ್ಯೆಗಳಲ್ಲ. ಅವನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೇ ಬರೆಯಿರಿ. ಪರೀಕ್ಷಿಸುವಾಗ '--ಜೇಸನ್' ಬಳಸಬೇಕಾದ ಕಾರಣವೂ ಇದೇ: ಫ್ಯಾಕ್ಟ್‌ನ ಹೆಸರನ್ನಷ್ಟೇ ಕೊಟ್ಟು ಕೇಳಿದಾಗ ಬರುವ ಸಾದಾ ಉತ್ತರದಲ್ಲಿ ಪಠ್ಯವೂ ಸಂಖ್ಯೆಯೂ ಒಂದೇ ರೀತಿ ಕಾಣುತ್ತವೆ, ಜೇಸನ್‌ನಲ್ಲಿ ಅವು ಬೇರೆಯಾಗಿ ಕಾಣುತ್ತವೆ.

ಮೌಲ್ಯ ತಪ್ಪಾದಾಗ ಅದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು, ಏಕೆಂದರೆ ಒಂದೇ ಹೆಸರಿಗೆ ಹಲವು ಮೂಲಗಳು ಇರಬಹುದು. ಫ್ಯಾಕ್ಟರ್ ಪ್ರತಿ ಮೂಲಕ್ಕೂ ಒಂದು ತೂಕ ಕೊಟ್ಟು, ಹೆಚ್ಚು ತೂಕದ್ದನ್ನು ಆರಿಸುತ್ತದೆ. ಎಕ್ಸ್‌ಟರ್ನಲ್ ಫ್ಯಾಕ್ಟ್‌ನ ತೂಕ 10,000. ಕಸ್ಟಮ್ ಫ್ಯಾಕ್ಟ್‌ನ ತೂಕ ಅದರಲ್ಲಿರುವ ನಿರ್ಬಂಧ ಷರತ್ತುಗಳ ಸಂಖ್ಯೆಯಷ್ಟೇ, ನೀವೇ ಬೇರೆ ತೂಕ ಕೊಡದ ಹೊರತು. ಹಾಗಾಗಿ ಫ್ಯಾಕ್ಟ್ಸ್.ಡಿಯಲ್ಲಿ ಮರೆತುಹೋದ ಒಂದು ಹಳೆಯ ಕಡತ, ನೀವು ಎಷ್ಟು ಚೆನ್ನಾಗಿ ರೂಬಿಯಲ್ಲಿ ತಿದ್ದಿದರೂ, ಗೆಲ್ಲುತ್ತಲೇ ಇರುತ್ತದೆ. '--ನೋ-ಎಕ್ಸ್‌ಟರ್ನಲ್-ಫ್ಯಾಕ್ಟ್ಸ್' ಮತ್ತು '--ನೋ-ಕಸ್ಟಮ್-ಫ್ಯಾಕ್ಟ್ಸ್' ಆಯ್ಕೆಗಳನ್ನು ಒಂದೊಂದಾಗಿ ಕೊಟ್ಟು ಓಡಿಸಿದರೆ ಯಾವ ಮೂಲ ತೆಗೆದಾಗ ತಪ್ಪು ಮಾಯವಾಗುತ್ತದೆಂದು ತಿಳಿಯುತ್ತದೆ. ಎರಡನ್ನೂ ತೆಗೆದ ಮೇಲೂ ತಪ್ಪು ಉಳಿದರೆ ಪರಿಸರ ಚರಗಳನ್ನು ನೋಡಿ. 'ಫ್ಯಾಕ್ಟರ್' ಎಂಬ ಪದ ದೊಡ್ಡಕ್ಷರಗಳಲ್ಲಿ, ಅದರ ಮುಂದೆ ಅಡಿಗೆರೆ, ಅದರ ಮುಂದೆ ಫ್ಯಾಕ್ಟ್‌ನ ಹೆಸರು ಇರುವ ಯಾವುದೇ ಪರಿಸರ ಚರ ಆ ಫ್ಯಾಕ್ಟನ್ನು ಬದಲಿಸಿಬಿಡುತ್ತದೆ. ಪರೀಕ್ಷೆಗೆಂದು ಒಮ್ಮೆ ಎಕ್ಸ್‌ಪೋರ್ಟ್ ಮಾಡಿದ್ದು ಶೆಲ್‌ನ ಪ್ರೊಫೈಲ್ ಕಡತದಲ್ಲೋ ಸೇವೆಯ ಯೂನಿಟ್ ಕಡತದಲ್ಲೋ ಉಳಿದುಹೋಗಿರುತ್ತದೆ.

ಹಿಂದೆ ಸರಿಯಿದ್ದು ಈಗ ಹಳತಾದ ಮೌಲ್ಯ ಬರುತ್ತಿದ್ದರೆ ಅದು ಕ್ಯಾಶ್, ಅಂದರೆ ಹಿಂದಿನ ಉತ್ತರದ ಉಳಿಸಿಟ್ಟ ಪ್ರತಿ, ತಂದ ದೋಷ. ಫ್ಯಾಕ್ಟರ್.ಕಾನ್ಫ್‌ನ 'ಟಿಟಿಎಲ್ಸ್' ಪಟ್ಟಿಯಲ್ಲಿ ಒಂದು ಗುಂಪಿಗೆ 30 ದಿನ ಎಂದು ಬರೆದಿದ್ದರೆ ಆ ಅವಧಿಯವರೆಗೆ ಉತ್ತರ /ಆಪ್ಟ್/ಪಪೆಟ್‌ಲ್ಯಾಬ್ಸ್/ಫ್ಯಾಕ್ಟರ್/ಕ್ಯಾಶ್/ಕ್ಯಾಶ್ಡ್_ಫ್ಯಾಕ್ಟ್ಸ್ ಡೈರೆಕ್ಟರಿಯಿಂದಲೇ ಬರುತ್ತದೆ. '--ನೋ-ಕ್ಯಾಶ್' ಕೊಟ್ಟಾಗ ಹೊಸ ಮೌಲ್ಯ ಬಂದರೆ ನಿರ್ಣಯ ಸಿಕ್ಕಂತೆ.

ಕನ್ನಡದಲ್ಲಿ ಮೌಲ್ಯ ಬರೆಯುವವರಿಗೆ ಒಂದು ಮಾತು. ಊರಿನ ಅಥವಾ ವಿಭಾಗದ ಹೆಸರನ್ನು ಕನ್ನಡದಲ್ಲೇ ಬರೆದಿಡಲು ಯಾವ ಅಡ್ಡಿಯೂ ಇಲ್ಲ. ಬರೆದಿಡಬೇಕೆಂದೇ ನನ್ನ ಅಭಿಪ್ರಾಯ. ಆದರೆ ಕಡತವು ಬಿಓಎಂ (ಕಡತದ ಮೊದಲಲ್ಲಿ ಕೂರುವ ಕಾಣದ ಗುರುತು) ಇಲ್ಲದ ಯುಟಿಎಫ್-8 ಆಗಿರಬೇಕು. ನಮ್ಮ ಲಿಪಿಯ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. ಕ್ರಾನ್‌ನಂಥ ಕಡೆ ಲೊಕೇಲ್ (ಭಾಷೆ ಮತ್ತು ಅಕ್ಷರ ಸಂಕೇತದ ಆಯ್ಕೆ) ಹೊಂದಿಸಿರದಿದ್ದರೆ ರೂಬಿ ತಾನು ಓದಿದ ಪಠ್ಯವನ್ನೆಲ್ಲ ಯುಎಸ್-ಆಸ್ಕಿ ಎಂದು ಭಾವಿಸುತ್ತದೆ, ಮತ್ತು ನಿಮ್ಮ ಕಸ್ಟಮ್ ಫ್ಯಾಕ್ಟ್ ಆ ಪಠ್ಯವನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ ತುಂಡರಿಸಹೋದಾಗ ಅಮಾನ್ಯ ಬೈಟ್ ಸರಣಿ ಎಂಬ ದೋಷ ಎದ್ದು ನಿಲ್ಲುತ್ತದೆ. ಕಡತ ಓದುವ ಸಾಲಿನಲ್ಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆದರೆ ಲೊಕೇಲ್ ಏನೇ ಇದ್ದರೂ ಕೆಲಸ ನಡೆಯುತ್ತದೆ.

ಕೆಲವು ದೂರುಗಳು ದೋಷಗಳೇ ಅಲ್ಲ. 16 ಜಿಬಿ ಹಾಕಿದ ಯಂತ್ರದಲ್ಲಿ ಒಟ್ಟು ಮೆಮೊರಿ ಸ್ವಲ್ಪ ಕಡಿಮೆ ಕಾಣುವುದು ಕರ್ನಲ್ ಮತ್ತು ಫರ್ಮ್‌ವೇರ್ ಕಾದಿರಿಸಿಕೊಂಡ ಪಾಲನ್ನು ಕಳೆದ ಲೆಕ್ಕ ಅದಾದ್ದರಿಂದ. ಪ್ರೊಸೆಸರ್‌ಗಳ ಎಣಿಕೆ ತಾರ್ಕಿಕ ಪ್ರೊಸೆಸರ್‌ಗಳದ್ದು, ಮದರ್‌ಬೋರ್ಡಿನ ಚಿಪ್‌ಗಳದ್ದಲ್ಲ. ಅದಕ್ಕೆ 'ಫಿಸಿಕಲ್‌ಕೌಂಟ್' ಎಂಬ ಬೇರೆ ಕೀಲಿ ಇದೆ. ಕಂಟೇನರ್‌ನೊಳಗೆ, ಅಂದರೆ ಆತಿಥೇಯ ಯಂತ್ರದ ಕರ್ನಲನ್ನೇ ಹಂಚಿಕೊಳ್ಳುವ ಪ್ರತ್ಯೇಕ ಪರಿಸರದೊಳಗೆ, ಓಡಿಸಿದ ಫ್ಯಾಕ್ಟರ್ ಆತಿಥೇಯ ಯಂತ್ರದ ಇಡೀ ಮೆಮೊರಿಯನ್ನು ತೋರಿಸುತ್ತದೆ, ಏಕೆಂದರೆ ಅಲ್ಲಿ ಕಾಣುವ /ಪ್ರಾಕ್/ಮೆಮ್‌ಇನ್ಫೋ ಆತಿಥೇಯನದ್ದೇ. ಕಂಟೇನರ್‌ನ ಮಿತಿ, ಕರ್ನಲ್ ಸಂಪನ್ಮೂಲ ಮಿತಿಗಳನ್ನು ಇಡುವ ಸಿಗ್ರೂಪ್ ಕಡತಗಳಲ್ಲಿದೆ, ಅದು ಬೇಕಿದ್ದರೆ ಒಂದು ಎಕ್ಸ್‌ಟರ್ನಲ್ ಫ್ಯಾಕ್ಟ್ ಬರೆದುಕೊಳ್ಳಬೇಕು.

ತಡವಾಗುತ್ತದೆ, ಅಥವಾ ನಿಂತೇ ಹೋಗುತ್ತದೆ

ನಿಧಾನವಾದರೆ 'ಫ್ಯಾಕ್ಟರ್ --ಟೈಮಿಂಗ್' ಪ್ರತಿ ಫ್ಯಾಕ್ಟ್‌ಗೆ ಹಿಡಿದ ಸಮಯವನ್ನು ತೋರಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ಒಂದೋ ಎರಡೋ ಫ್ಯಾಕ್ಟ್‌ಗಳೇ ಇಡೀ ಸಮಯವನ್ನು ತಿಂದಿರುತ್ತವೆ. ಅದು ನೀವೇ ಬರೆದ ಕಸ್ಟಮ್ ಫ್ಯಾಕ್ಟ್ ಆಗಿದ್ದು, ಜಾಲದಾಚೆಯ ಯಾವುದೋ ಸೇವೆಯನ್ನು ಕೇಳುತ್ತಿದ್ದರೆ, ಕಾಲಮಿತಿ ಹಾಕಿ. ಕ್ಲೌಡ್ ಯಂತ್ರಗಳಲ್ಲಿ ಯಂತ್ರಕ್ಕೆ ಅದರದೇ ವಿವರ ಕೊಡುವ 169.254.169.254 ಎಂಬ ಮೆಟಾಡೇಟಾ ವಿಳಾಸಕ್ಕೆ ಹೋಗುವ ಪ್ರಶ್ನೆ ಫೈರ್‌ವಾಲ್‌ನಲ್ಲಿ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಅಮೆಜಾನ್‌ನ ಯಂತ್ರದ ಮೇಲಿನ ಕಂಟೇನರ್‌ನಲ್ಲಾದರೆ ಮೆಟಾಡೇಟಾ ಸೇವೆಯ ಹಾಪ್ ಮಿತಿ (ಉತ್ತರ ದಾಟಬಹುದಾದ ಜಾಲದ ಹೆಜ್ಜೆಗಳ ಮಿತಿ) 1 ಇರುವುದೂ ಕಾರಣವಾಗಬಹುದು.

ನಿಂತೇ ಹೋಗುವುದು ಬೇರೆ ಸಮಸ್ಯೆ. ಆಗ ಟೈಮಿಂಗ್ ಕೂಡ ಏನನ್ನೂ ಹೇಳದು. ಇನ್ನೊಂದು ಟರ್ಮಿನಲ್‌ನಲ್ಲಿ 'ಪಿಎಸ್' ಆದೇಶದಿಂದ ಫ್ಯಾಕ್ಟರ್ ಪ್ರಕ್ರಿಯೆಯ ಸ್ಥಿತಿಯನ್ನು ನೋಡಿ. ಸ್ಥಿತಿಯ ಕಂಬಸಾಲಿನಲ್ಲಿ ಡಿ ಅಕ್ಷರವಿದ್ದರೆ ಅದು ಕರ್ನಲ್‌ನೊಳಗೆ ಯಾವುದೋ ಸಾಧನಕ್ಕಾಗಿ ಕಾಯುತ್ತಿದೆ ಎಂದರ್ಥ, ಮತ್ತು ಮೊದಲು ಅನುಮಾನಿಸಬೇಕಾದ್ದು ಸತ್ತ ಎನ್‌ಎಫ್‌ಎಸ್ ಮೌಂಟ್, ಅಂದರೆ ಜಾಲದ ಮೂಲಕ ಇನ್ನೊಂದು ಸರ್ವರ್‌ನಿಂದ ಜೋಡಿಸಿಕೊಂಡ ಡೈರೆಕ್ಟರಿ. 'ಮೌಂಟ್‌ಪಾಯಿಂಟ್ಸ್' ಫ್ಯಾಕ್ಟ್ ಪ್ರತಿ ಮೌಂಟ್‌ನ ಗಾತ್ರವನ್ನೂ ಉಳಿದ ಜಾಗವನ್ನೂ ಕೇಳುತ್ತದೆ. 'ಹಾರ್ಡ್' ಆಯ್ಕೆಯಿಂದ ಮೌಂಟ್ ಮಾಡಿದ ಎನ್‌ಎಫ್‌ಎಸ್‌ನ ಆ ಕಡೆಯ ಸರ್ವರ್ ಇಲ್ಲವಾಗಿದ್ದರೆ ಕರ್ನಲ್ ಬೇಸರವಿಲ್ಲದೆ ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ. ಈ ಹಂತದಲ್ಲಿ 'ಡಿಎಫ್' ಓಡಿಸಬೇಡಿ, ಅದೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. /ಪ್ರಾಕ್/ಮೌಂಟ್ಸ್ ಓದುವುದು ಸುರಕ್ಷಿತ, ಅದು ಸರ್ವರ್‌ನ್ನು ಮುಟ್ಟುವುದಿಲ್ಲ. ಅಲ್ಲಿ ಸಿಕ್ಕ ಎನ್‌ಎಫ್‌ಎಸ್ ಮೌಂಟ್‌ಗಳನ್ನು ಒಂದೊಂದಾಗಿ, 'ಟೈಮ್‌ಔಟ್' ಆದೇಶದಿಂದ 5 ಸೆಕೆಂಡಿನ ಮಿತಿಯೂ ಕಿಲ್ ಸಿಗ್ನಲ್ಲೂ ಕೊಟ್ಟು, 'ಸ್ಟ್ಯಾಟ್ -ಎಫ್' ಮೂಲಕ ಕೇಳಿ. ಉತ್ತರ ಕೊಡದ್ದೇ ಅಪರಾಧಿ. ಕೂಡಲೇ ಅದನ್ನು ಸರಿಪಡಿಸಲು ಸಾಧ್ಯವಿಲ್ಲದಿದ್ದರೆ ಫ್ಯಾಕ್ಟರ್.ಕಾನ್ಫ್‌ನ ಬ್ಲಾಕ್‌ಲಿಸ್ಟ್‌ಗೆ 'ಫೈಲ್ ಸಿಸ್ಟಮ್' ಎಂಬ ಗುಂಪನ್ನು ಸೇರಿಸಿ ಯಂತ್ರವನ್ನು ನಡೆಯುವ ಸ್ಥಿತಿಗೆ ತರಬಹುದು. ಆದರೆ ಅದರಿಂದ ಪಾರ್ಟಿಷನ್ ಫ್ಯಾಕ್ಟ್‌ಗಳೂ ಹೋಗುತ್ತವೆ. ಮಾಡಿದವರು ಆ ಸಾಲಿನ ಪಕ್ಕದಲ್ಲಿ ದಿನಾಂಕವನ್ನೂ ಕಾರಣವನ್ನೂ ಟಿಪ್ಪಣಿಯಾಗಿ ಬರೆದಿಡಬೇಕು, ಇಲ್ಲವಾದರೆ ಮುಂದೊಂದು ದಿನ ಇನ್ನೊಬ್ಬರು 'ಫ್ಯಾಕ್ಟ್ ಕಾಣುವುದೇ ಇಲ್ಲ' ಎಂದು ಹುಡುಕಾಟ ಶುರುಮಾಡುತ್ತಾರೆ.

ಕಂಟೇನರ್‌ಗಳು ತುಂಬಿದ ಆತಿಥೇಯ ಯಂತ್ರಗಳಲ್ಲಿ ತಡಕ್ಕೆ ಗಾತ್ರವೇ ಕಾರಣ. ಪ್ರತಿ ಕಂಟೇನರ್ ತನ್ನ ಪಾಲಿನ ಮೌಂಟ್‌ಗಳನ್ನೂ ಜಾಲದ ಇಂಟರ್‌ಫೇಸ್‌ಗಳನ್ನೂ ಹುಟ್ಟಿಸುವುದರಿಂದ ಜೇಸನ್ ಬೆಳೆಯುತ್ತ ಹೋಗುತ್ತದೆ. ಒಟ್ಟು ಫ್ಯಾಕ್ಟ್‌ಗಳ ಸಂಖ್ಯೆ 2048 ದಾಟಿದಾಗ ಇತ್ತೀಚಿನ ಪಪೆಟ್ ಏಜೆಂಟ್ ಎಚ್ಚರಿಕೆ ಕೊಡುತ್ತದೆ. ಆ ಮಿತಿಯನ್ನು ಏರಿಸುವ ಮೊದಲು ಜೇಸನ್‌ನಲ್ಲಿ ಯಾವ ಮೇಲ್ಮಟ್ಟದ ಕೀಲಿಯ ಕೆಳಗೆ ಎಷ್ಟು ಮೌಲ್ಯಗಳಿವೆ ಎಂದು ಜೆಕ್ಯೂನಿಂದ ಎಣಿಸಿ ನೋಡಿ.

ತಿದ್ದಿದ ಮೇಲೆ ಪರೀಕ್ಷಿಸುವಾಗ ಕ್ಯಾಶ್ ಬಿಟ್ಟು, ದೋಷ ಮೊದಲು ಕಂಡ ಜಾಗದಿಂದಲೇ, ಅಂದರೆ ಆ ಸೇವೆಯಿಂದ ಅಥವಾ ಆ ಕ್ರಾನ್ ಸಾಲಿನಿಂದಲೇ, ಮತ್ತೊಮ್ಮೆ ಓಡಿಸಿ ಜೇಸನ್ ಉಳಿಸಿ. ಸರಿಯಿರುವ ಯಂತ್ರದ ಜೇಸನ್ ಒಂದನ್ನು ಶಾಶ್ವತವಾಗಿ ಇಟ್ಟುಕೊಂಡರೆ ಮುಂದಿನ ಹೋಲಿಕೆಗೆ ಒದಗುತ್ತದೆ. ಅದನ್ನು ಸಹಾಯಕ್ಕಾಗಿ ಹೊರಗಿನವರಿಗೆ ಕಳಿಸಬೇಕಾದಾಗ ಮಾತ್ರ ಸೀರಿಯಲ್ ನಂಬರ್, ಮ್ಯಾಕ್ ವಿಳಾಸಗಳು, ಒಳಜಾಲದ ಐಪಿ ವಿಳಾಸಗಳು ಮತ್ತು ಯಂತ್ರದ ಪೂರ್ಣ ಹೆಸರನ್ನು ಜೆಕ್ಯೂನಿಂದ ಅಳಿಸಿದ ಪ್ರತಿಯನ್ನು ಕಳಿಸಿ. 'ಎಸ್‌ಎಸ್‌ಎಚ್' ಫ್ಯಾಕ್ಟ್‌ನಲ್ಲಿರುವುದು ಸಾರ್ವಜನಿಕ ಕೀಲಿಗಳಷ್ಟೇ ಆದರೂ ದೋಷ ಪತ್ತೆಗೆ ಅದು ಬೇಡವಾದ್ದರಿಂದ ಅದನ್ನೂ ತೆಗೆದುಬಿಡಿ.